ಮಸುಕು ಎಲ್ಲಿತ್ತು?

ನಿಮ್ಮ ಮನೆಯ ಕಪಾಟಿನಲ್ಲೂ ಒಂದು ಹಳೆಯ ಡಿಜಿಟಲ್ ಕ್ಯಾಮರಾ ಇರಬಹುದು. ಗಲ್ಫಿನಿಂದ ರಜೆಯಲ್ಲಿ ಬಂದ ಅಣ್ಣನೋ, ಮಾವನೋ, ಪತಿಯೋ ತಂದದ್ದು. ಅತ್ತರಿನ ಬಾಟಲಿ, ಹಾಲಿನ ಪುಡಿಯ ಡಬ್ಬ, ಮಕ್ಕಳ ಬಟ್ಟೆಬರೆಗಳ ನಡುವೆ ಜೋಪಾನವಾಗಿ ಸುತ್ತಿಕೊಂಡು ಬಂದದ್ದು. ಆಗ ಅದಕ್ಕೆ ಮನೆಯಲ್ಲಿ ಎಷ್ಟೊಂದು ಮರ್ಯಾದೆ! ಮಕ್ಕಳು ಮುಟ್ಟುವಂತಿರಲಿಲ್ಲ. ಈಗ ಅದು ಹಳೆಯ ಬೆಡ್‌ಶೀಟುಗಳ ಕೆಳಗೆ, ಚಾರ್ಜರ್ ಒಂದು ಕಡೆ, ತಾನೊಂದು ಕಡೆ ಎಂದು ಬಿದ್ದಿರುತ್ತದೆ.

ನಮ್ಮ ಮನೆಯ ಕ್ಯಾಮರಾವನ್ನು ಕಳೆದ ತಿಂಗಳು ಮಗಳು ಹುಡುಕಿ ತೆಗೆದಳು. ಹಳೆಯ ಪುಟ್ಟ ಕ್ಯಾಮರಾಗಳ ಮೇಲೆ ಈಗಿನ ಹುಡುಗಿಯರಿಗೆ ಮತ್ತೆ ಮೋಹ ಹುಟ್ಟಿದೆಯಂತೆ. ಅವಳ ದೂರು ಬೇರೆಯೇ ಇತ್ತು. "ಉಮ್ಮಾ, ನನ್ನ ಫೋನಿನಲ್ಲಿ ತೆಗೆದ ಫೋಟೋಗಳೆಲ್ಲ ಮಸುಕು ಮಸುಕು. ಹೊಸ ಫೋನ್ ತಗೊಳ್ಳುವುದಾ, ಅಲ್ಲ ಒಳ್ಳೆಯ ಕ್ಯಾಮರಾವೇ ತಗೊಳ್ಳುವುದಾ?" ಎಂದು ಕೇಳಿದಳು. ನಾನು ಅವಳಿಗೆ ಕೂಡಲೇ ಉತ್ತರ ಕೊಡಲಿಲ್ಲ. ಅವಳು ಚಿಕ್ಕವಳಿದ್ದಾಗ ಇದೇ ಪ್ರಶ್ನೆ ನಮ್ಮ ಮನೆಯಲ್ಲಿ ಎದ್ದಿತ್ತು. ಅಂದು ಏನಾಯಿತು ಎಂಬುದನ್ನು ಅವಳಿಗೆ ಹೇಳಿದೆ. ಪ್ರಿಯ ಓದುಗರೇ, ಅದನ್ನೇ ನಿಮಗೂ ಹೇಳುತ್ತೇನೆ.

ಅದು 2011ರ ಈದುಲ್ ಫಿತ್ರ್. ಮಳೆ ಇನ್ನೂ ಬಿಟ್ಟಿರಲಿಲ್ಲ. ಪತಿ ಜುಬೈಲಿನಲ್ಲಿದ್ದರು. ಹಬ್ಬದ ದಿನ ಅವರು ಕೇಳಿಕೊಂಡದ್ದು ಒಂದೇ. "ಮಕ್ಕಳ ಫೋಟೋ ಕಳಿಸು. ಉಮ್ಮನದ್ದೂ ಒಂದು ಕಳಿಸು." ಫೋಟೋ ತೆಗೆಯುವ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ, ಆ ಚರ್ಚೆ ಈ ಬರಹದ ವಿಷಯವಲ್ಲ. ನಮ್ಮ ಅತ್ತೆಯಂತೂ ಹಜ್ಜಿನ ಪಾಸ್‌ಪೋರ್ಟಿಗಾಗಿ ಒಮ್ಮೆ ಕುಳಿತದ್ದು ಬಿಟ್ಟರೆ ಕ್ಯಾಮರಾದ ಮುಂದೆ ಬಂದವರಲ್ಲ. ಅಂದು ಮಗನ ಮೇಲಿನ ಪ್ರೀತಿಯಿಂದ ಒಪ್ಪಿದರು. ಒಂದು ಷರತ್ತು ಮಾತ್ರ ಹಾಕಿದರು. "ಆ ಮಿಂಚು ಬೇಡ ಮಗಳೇ, ಕಣ್ಣಿಗೆ ಚುಚ್ಚುತ್ತದೆ" ಎಂದರು. ನಾನು ಫ್ಲ್ಯಾಶ್ ಆರಿಸಿದೆ. ಚಾವಡಿಯ ಟ್ಯೂಬ್‌ಲೈಟಿನ ಬೆಳಕಿನಲ್ಲಿ, ಅವರಿಗೆ ಸಂಕೋಚವಾಗದಿರಲೆಂದು ದೂರದಲ್ಲಿ ನಿಂತು, ಝೂಮ್ ಮಾಡಿ ಫೋಟೋ ತೆಗೆದೆ.

ಮೂವತ್ತಕ್ಕೂ ಹೆಚ್ಚು ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿ ನೋಡಿದರೆ ನೆಟ್ಟಗಿದ್ದದ್ದು ಐದೋ ಆರೋ. ಓಡುವ ಮಗನಿಗೆ ಎರಡು ತಲೆ. ಮಗಳ ಕೈಯ ಮದರಂಗಿ ಕೆಂಪು ಮುದ್ದೆ. ಅತ್ತೆಯ ಮುಖವೋ, ನೀರಿನಲ್ಲಿ ಕಂಡ ನೆರಳಿನ ಹಾಗೆ. ಆದರೂ ಇಮೇಲ್ ಮಾಡಿದೆ. ರಾತ್ರಿ ಫೋನ್ ಬಂತು. "ಉಮ್ಮನ ಮುಖವೇ ಕಾಣುವುದಿಲ್ಲ" ಎಂದರು. ಸ್ವಲ್ಪ ಹೊತ್ತು ಮಾತಿಲ್ಲ. ಮತ್ತೆ ಅವರೇ, "ಆ ಕ್ಯಾಮರಾ ಹಾಳಾಗಿದೆ. ಓವರ್‌ಟೈಮ್ ಹಣ ಸ್ವಲ್ಪ ಇಟ್ಟಿದ್ದೇನೆ. ಬರುವಾಗ ಹದಿನಾರು ಮೆಗಾಪಿಕ್ಸೆಲಿನದ್ದು ತರುತ್ತೇನೆ" ಎಂದರು. ನಮ್ಮದು ಹತ್ತರದ್ದು.

ಆ ಓವರ್‌ಟೈಮ್ ಹಣ ಹೇಗೆ ಬರುತ್ತದೆ ಎಂದು ನನಗೆ ಗೊತ್ತಿತ್ತು. ನಲ್ವತ್ತೈದು ಡಿಗ್ರಿ ಬಿಸಿಲಿನ ನೆಲದಲ್ಲಿ ದುಡಿದವರ ಬೆವರು ಅದು. ಸುಮ್ಮನೆ 'ಹೂಂ' ಎನ್ನಲು ಮನಸ್ಸು ಬರಲಿಲ್ಲ. ಮರುದಿನ ಕ್ಯಾಮರಾ ಹಿಡಿದುಕೊಂಡು, ನಾವು ಯಾವಾಗಲೂ ಪ್ರಿಂಟ್ ಹಾಕಿಸುವ ಪೇಟೆಯ ಸ್ಟುಡಿಯೋಗೆ ಹೋದೆ. ಅಲ್ಲಿಯ ಹುಡುಗ ಕ್ಯಾಮರಾವನ್ನು ಕೈಗೆ ತೆಗೆದುಕೊಳ್ಳಲೇ ಇಲ್ಲ. "ಅಕ್ಕಾ, ಮೊದಲು ಹಾಳಾದ ಫೋಟೋಗಳನ್ನು ತೋರಿಸಿ" ಎಂದ. ಡಾಕ್ಟರು ರೋಗಿಯನ್ನು ಕೂರಿಸಿ ವಿಚಾರಿಸಿದ ಹಾಗೆ ಒಂದೊಂದನ್ನೇ ದೊಡ್ಡದು ಮಾಡಿ ನೋಡತೊಡಗಿದ.

ಮಸುಕು ಎಂದರೆ ಒಂದೇ ಕಾಯಿಲೆ ಎಂದು ನಾನು ತಿಳಿದಿದ್ದೆ. ಅದರಲ್ಲಿ ನಾಲ್ಕೈದು ಜಾತಿಗಳಿವೆ ಎಂದು ಅಂದು ಕಲಿತೆ. ನೀವೂ ತಿಳಿದುಕೊಳ್ಳಿ, ಫೋನಿಗೂ ಇದು ಅನ್ವಯಿಸುತ್ತದೆ.

ಫೋಟೋದಲ್ಲಿರುವ ಎಲ್ಲವೂ, ಗೋಡೆ, ಕುರ್ಚಿ, ಮನುಷ್ಯರು, ಒಂದೇ ದಿಕ್ಕಿಗೆ ಎಳೆದ ಹಾಗೆ ಕಂಡರೆ ನಿಮ್ಮ ಕೈ ಅಲುಗಿದೆ ಎಂದರ್ಥ. ಗೋಡೆ, ಕುರ್ಚಿ ನೆಟ್ಟಗಿದ್ದು ಮಗು ಮಾತ್ರ ಎಳೆದಂತೆ ಕಂಡರೆ ಅಲುಗಿದ್ದು ಮಗು. ಹಿಂದಿನ ಕ್ಯಾಲೆಂಡರ್ ಸ್ಪಷ್ಟವಾಗಿದ್ದು ಮುಂದಿನ ಮುಖ ಮೆದುವಾಗಿ ಮಬ್ಬಾಗಿದ್ದರೆ ಕ್ಯಾಮರಾ ಮುಖದ ಬದಲು ಕ್ಯಾಲೆಂಡರಿಗೆ ಫೋಕಸ್ ಮಾಡಿದೆ. ಎಲ್ಲವೂ ಮಂಜಿನೊಳಗಿನಂತೆ, ಬಲ್ಬಿನ ಸುತ್ತ ಬೆಳಕಿನ ಉಂಗುರ ಹರಡಿದಂತೆ ಕಂಡರೆ ಲೆನ್ಸಿನ ಮೇಲೆ ಕೊಳೆ ಇದೆ. ಇನ್ನು, ಯಾವ ಫೋಟೋ ತೆಗೆದರೂ ಒಂದೇ ಬದಿ, ಎಡವೋ ಬಲವೋ, ಮಸುಕಾಗುತ್ತಿದ್ದರೆ ಮಾತ್ರ ಲೆನ್ಸ್ ಎಲ್ಲೋ ಬಿದ್ದು ಓರೆಯಾಗಿದೆ ಎಂದು ಅನುಮಾನಿಸಬೇಕು. ಈ ಐದರಲ್ಲಿ ಕ್ಯಾಮರಾದ ತಪ್ಪು ಎನ್ನಬಹುದಾದದ್ದು ಕೊನೆಯದ್ದೊಂದೇ.

ನಮ್ಮ ಫೋಟೋಗಳಲ್ಲಿ ಮೊದಲಿನ ನಾಲ್ಕೂ ಇದ್ದವು! ಹುಡುಗ ಲೆನ್ಸನ್ನು ಬೆಳಕಿಗೆ ಹಿಡಿದು ನಕ್ಕ. ಅದರ ಮೇಲೆ ಬೆರಳ ಗುರುತು. ಹಬ್ಬದ ದಿನ ಮಕ್ಕಳ ತಲೆಗೆ ತೆಂಗಿನೆಣ್ಣೆ ಹಚ್ಚಿದ ನನ್ನದೇ ಬೆರಳು. ಮೊದಲು ಪುಟ್ಟ ರಬ್ಬರ್ ಬಲ್ಬಿನಿಂದ ಗಾಳಿ ಹಾಯಿಸಿ ಧೂಳು ಹಾರಿಸಿದ, ಆಮೇಲೆ ಮೆತ್ತನೆಯ ಶುದ್ಧ ಬಟ್ಟೆಯಿಂದ ವೃತ್ತಾಕಾರವಾಗಿ ಒರೆಸಿದ. ಧೂಳು ಇರುವಾಗಲೇ ಶಾಲಿನ ಸೆರಗಿನಿಂದ ಉಜ್ಜಿದರೆ ಗೀರು ಬೀಳುತ್ತದೆಯಂತೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಲೆನ್ಸಿನೊಳಗೆ ಬೂಷ್ಟು ಬೆಳೆಯುವುದೂ ಉಂಟು. ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಕ್ಯಾಮರಾದ ಜೊತೆ ಗಾಳಿಯಾಡದ ಡಬ್ಬದಲ್ಲಿಟ್ಟರೆ ಒಳ್ಳೆಯದು ಎಂದ.

ಆಮೇಲೆ ಅತ್ತೆಯ ಫೋಟೋ ತೆರೆದು ಒಂದು ಗುಂಡಿ ಒತ್ತಿದ. ಪರದೆಯ ಮೂಲೆಯಲ್ಲಿ 1/6 ಎಂದು ಬಂತು. ಪ್ರತಿ ಫೋಟೋದ ಜಾತಕ ಅದರೊಳಗೇ ದಾಖಲಾಗಿರುತ್ತದೆ ಎಂದು ನನಗೆ ತಿಳಿದದ್ದು ಆಗಲೇ. ಬೆಳಕು ಸಾಲದೆ ಕ್ಯಾಮರಾ ತನ್ನ ಕಣ್ಣನ್ನು ಒಂದು ಸೆಕೆಂಡಿನ ಆರನೇ ಒಂದು ಭಾಗದಷ್ಟು ಹೊತ್ತು ತೆರೆದಿಟ್ಟಿತ್ತು. ಅಷ್ಟು ಹೊತ್ತು ಕೈ ಅಲುಗದೆ ಹಿಡಿಯಲು ಯಾರಿಂದ ಸಾಧ್ಯ? ಝೂಮ್ ಮಾಡಿದಷ್ಟೂ ನಡುಕ ದೊಡ್ಡದಾಗಿ ಕಾಣುತ್ತದೆ. ಹಳೆಯ ಫಿಲ್ಮ್ ಕ್ಯಾಮರಾದವರ ಲೆಕ್ಕದಲ್ಲಿ 100 ಮಿಲಿಮೀಟರ್ ಝೂಮಿಗೆ ಕನಿಷ್ಠ 1/100 ಸೆಕೆಂಡಿನ ವೇಗ ಬೇಕು. ಓಡುವ ಮಕ್ಕಳಿಗಾದರೆ 1/250 ಅಥವಾ ಅದಕ್ಕಿಂತಲೂ ಹೆಚ್ಚು. ಅಷ್ಟೇ ಅಲ್ಲ, ಇಂತಹ ಪುಟ್ಟ ಕ್ಯಾಮರಾಗಳಲ್ಲಿ ಝೂಮ್ ಪೂರ್ತಿ ಎಳೆದಾಗ ಲೆನ್ಸಿನ ಕಿಂಡಿ ಕಿರಿದಾಗಿ ಒಳಗೆ ಬರುವ ಬೆಳಕು ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಕತ್ತಲಲ್ಲಿ ದೂರ ನಿಂತು ಝೂಮ್ ಮಾಡಿದ ನಾನು ಮೂರು ತಪ್ಪುಗಳನ್ನು ಒಟ್ಟಿಗೆ ಮಾಡಿದ್ದೆ.

"ಹಾಗಾದರೆ ಹದಿನಾರು ಮೆಗಾಪಿಕ್ಸೆಲ್ ತಂದರೆ ಸರಿಯಾಗುವುದಿಲ್ಲವೇ?" ಎಂದು ಕೇಳಿದೆ. "ಮಸುಕನ್ನೇ ಇನ್ನೂ ದೊಡ್ಡದಾಗಿ ತೋರಿಸುತ್ತದೆ ಅಕ್ಕಾ" ಎಂದ. ನಾವು ಆಲ್ಬಮಿಗೆ ಹಾಕಿಸುವ ನಾಲ್ಕು ಆರು ಇಂಚಿನ ಪ್ರಿಂಟಿಗೆ ಎರಡು ಮೆಗಾಪಿಕ್ಸೆಲ್ಲಿಗಿಂತ ಸ್ವಲ್ಪ ಹೆಚ್ಚಿದ್ದರೆ ಧಾರಾಳ ಸಾಕು. ಅದು ಅವನ ವ್ಯಾಪಾರಕ್ಕೆ ನಷ್ಟದ ಮಾತು. ಆ ಸ್ಟುಡಿಯೋದಲ್ಲಿ ಹೊಸ ಕ್ಯಾಮರಾಗಳೂ ಮಾರಾಟಕ್ಕಿದ್ದವು. ಅವನ ಪ್ರಾಮಾಣಿಕತೆಗೆ ಅಲ್ಲಾಹನು ಒಳ್ಳೆಯ ಪ್ರತಿಫಲ ನೀಡಲಿ.

ಮನೆಗೆ ಬಂದು ಅವನು ಹೇಳಿಕೊಟ್ಟ ಪರೀಕ್ಷೆ ಮಾಡಿದೆ. ಗೋಡೆಯಲ್ಲಿ ಮಸೀದಿಯಿಂದ ಕೊಟ್ಟ ನಮಾಝ್ ವೇಳಾಪಟ್ಟಿಯ ಕ್ಯಾಲೆಂಡರ್ ತೂಗುತ್ತಿತ್ತು. ಅದರೆದುರು ಸ್ಟೂಲಿಟ್ಟು, ಮೇಲೆ ಪುಸ್ತಕಗಳನ್ನು ಪೇರಿಸಿ, ಕ್ಯಾಮರಾ ಕೂರಿಸಿದೆ. ಗುಂಡಿ ಒತ್ತುವಾಗಿನ ಅಲುಗಾಟವೂ ಬೇಡವೆಂದು ಎರಡು ಸೆಕೆಂಡಿನ ಟೈಮರ್ ಹಾಕಿದೆ. ಕಂಪ್ಯೂಟರಿನಲ್ಲಿ ನೋಡಿದರೆ ಸುಬುಹಿಯಿಂದ ಇಶಾದವರೆಗಿನ ಪುಟ್ಟ ಅಂಕೆಗಳು, ನಾಲ್ಕು ಮೂಲೆಗಳ ಅಕ್ಷರಗಳು, ಕೆಳಗೆ ಅಚ್ಚು ಹಾಕಿದ ಪ್ರೆಸ್ಸಿನ ಹೆಸರು, ಎಲ್ಲ ಸ್ಪಷ್ಟ. ಕ್ಯಾಮರಾ ನಿರಪರಾಧಿ! ನಿಮ್ಮ ಕ್ಯಾಮರಾದ ಮೇಲೆ ಅನುಮಾನವಿದ್ದರೆ ನೀವೂ ಮೊದಲು ಇದನ್ನೇ ಮಾಡಿ. ಇದರಲ್ಲಿಯೂ ಅಕ್ಷರಗಳು ಮಬ್ಬಾಗಿದ್ದರೆ, ಒಂದು ಬದಿ ಕರಗಿದಂತಿದ್ದರೆ ಮಾತ್ರ ರಿಪೇರಿಯ ಅಥವಾ ಹೊಸದರ ಯೋಚನೆ ಮಾಡಿ.

ಇಲ್ಲಿ ನಮ್ಮದೇ ಪರಂಪರೆಯ ಒಬ್ಬ ಮಹನೀಯರನ್ನು ನೆನೆಯಬೇಕು. ಸುಮಾರು ಕ್ರಿ.ಶ. 965ರಲ್ಲಿ ಬಸ್ರಾದಲ್ಲಿ ಹುಟ್ಟಿ, 1040ರ ಹೊತ್ತಿಗೆ ಕೈರೋದಲ್ಲಿ ನಿಧನರಾದ ಇಬ್ನುಲ್ ಹೈಸಮ್. ಬೆಳಕು ಕಣ್ಣಿನಿಂದ ಹೊರಟು ವಸ್ತುವನ್ನು ಮುಟ್ಟುತ್ತದೆ ಎಂದು ಹಲವು ಗ್ರೀಕ್ ಪಂಡಿತರು ನಂಬಿದ್ದರು. ವಸ್ತುವಿನಿಂದ ಬೆಳಕು ಕಣ್ಣಿಗೆ ಬರುವುದರಿಂದಲೇ ನಾವು ನೋಡುತ್ತೇವೆ ಎಂಬುದನ್ನು ಅವರು 'ಕಿತಾಬುಲ್ ಮನಾಝಿರ್' ಎಂಬ ಗ್ರಂಥದಲ್ಲಿ ವಿವರಿಸಿದರು. ಅದಕ್ಕೆ ಸಾವಿರ ವರ್ಷವಾದುದನ್ನು 2015ರ ಅಂತಾರಾಷ್ಟ್ರೀಯ ಬೆಳಕಿನ ವರ್ಷದಲ್ಲಿ ಯುನೆಸ್ಕೋ ಸ್ಮರಿಸಿತು. ಗ್ರಹಣದ ಸೂರ್ಯನ ಬೆಳಕನ್ನು ಸಣ್ಣ ರಂಧ್ರದ ಮೂಲಕ ಹಾಯಿಸಿದಾಗ ಎದುರಿನ ಗೋಡೆಯಲ್ಲಿ ಬಾಲಚಂದ್ರನ ಆಕಾರ ಮೂಡುತ್ತದೆ, ರಂಧ್ರ ದೊಡ್ಡದಾದರೆ ಆಕಾರ ಕಲಸಿಹೋಗಿ ಬರೀ ದುಂಡಗಿನ ಬೆಳಕಾಗುತ್ತದೆ. ಇದೇಕೆ ಎಂದು ಅವರು ಒಂದು ಪ್ರತ್ಯೇಕ ಪ್ರಬಂಧವನ್ನೇ ಬರೆದರು. ಕ್ಯಾಮರಾದ ಕಿಂಡಿಯ ತತ್ವ ಅದರಲ್ಲಿದೆ. ಚಿತ್ರ ಮಸುಕಾದಾಗ ಅವರು ಸೂರ್ಯನನ್ನು ದೂರಲಿಲ್ಲ, ರಂಧ್ರದ ಅಳತೆಯನ್ನು ವಿಚಾರಿಸಿದರು.

ನಾನೂ ನನ್ನನ್ನೇ ತಿದ್ದಿಕೊಳ್ಳತೊಡಗಿದೆ. ಮಕ್ಕಳನ್ನು ಚಾವಡಿಯಿಂದ ಕಿಟಕಿಯ ಹತ್ತಿರ ಕರೆದೆ. ಮಳೆಯ ದಿನವಾದರೂ ಕಿಟಕಿಯ ಬೆಳಕು ಟ್ಯೂಬ್‌ಲೈಟಿಗಿಂತ ಎಷ್ಟೋ ಹೆಚ್ಚು. ಝೂಮ್ ಬಿಟ್ಟು ನಾನೇ ನಾಲ್ಕು ಹೆಜ್ಜೆ ಹತ್ತಿರ ಹೋದೆ. ಮೊಣಕೈಗಳನ್ನು ಪಕ್ಕೆಗೆ ಒತ್ತಿ ಹಿಡಿದೆ. ಗುಂಡಿಯನ್ನು ಒಮ್ಮೆಲೇ ಗುದ್ದದೆ ಅರ್ಧ ಒತ್ತಿ, ಹಸಿರು ಚೌಕ ಮಗುವಿನ ಮುಖದ ಮೇಲೆ ಬರುವವರೆಗೆ ಕಾದು, ಆಮೇಲೆ ಮೆಲ್ಲನೆ ಪೂರ್ತಿ ಒತ್ತಿದೆ. ಐಎಸ್‌ಒವನ್ನು 400ಕ್ಕೆ ಇಟ್ಟೆ. ಅದನ್ನು ಎರಡು ಪಟ್ಟು ಮಾಡಿದರೆ ಶಟರ್ ತೆರೆದಿರುವ ಹೊತ್ತು ಅರ್ಧಕ್ಕಿಳಿಯುತ್ತದೆ, ಚಿತ್ರದಲ್ಲಿ ಸ್ವಲ್ಪ ಕಾಳು ಕಾಳು ಕಾಣುತ್ತದೆ, ಅಷ್ಟೆ. ಕಾಳು ಕಾಣುವ ಮುಖವನ್ನು ಗುರುತಿಸಬಹುದು, ಕರಗಿದ ಮುಖವನ್ನು ಗುರುತಿಸುವುದು ಹೇಗೆ? ಈ ಸಲ ಶಟರ್ ವೇಗ 1/80. ಮಗಳ ರೆಪ್ಪೆಯ ಕೂದಲುಗಳನ್ನೂ ಎಣಿಸಬಹುದಿತ್ತು. ಪ್ರಿಂಟ್ ಹಾಕಿಸಿಕೊಂಡು ಬಂದೆ.

ಕತೆ ಇಲ್ಲಿಗೇ ಮುಗಿದಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ.

ಆ ಫೋಟೋವನ್ನು ದೊಡ್ಡ ಸಂಭ್ರಮದಿಂದ ಅತ್ತೆಯ ಕೈಗೆ ಕೊಟ್ಟೆ. ಅವರು ಹತ್ತಿರ ಹಿಡಿದರು, ದೂರ ಹಿಡಿದರು. ಕಿಟಕಿಯ ಕಡೆಗೆ ತಿರುಗಿಸಿದರು. ನನಗೆ ಬೇಸರವಾಗಬಾರದೆಂದು ಮೆಲ್ಲನೆ, "ಇದೂ ಮಸುಕೇ ಅಲ್ಲವಾ ಮಗಳೇ? ಪರವಾಗಿಲ್ಲ. ಅವನು ಹೊಸ ಕ್ಯಾಮರಾ ತರುತ್ತಾನಲ್ಲ" ಎಂದರು.

ಫೋಟೋ ಸ್ಪಷ್ಟವಾಗಿತ್ತು. ನಾನು ಅವರ ಮುಖವನ್ನೇ ನೋಡಿದೆ. ಆ ಕ್ಷಣದಲ್ಲಿ ಎಷ್ಟೋ ಸಂಗತಿಗಳು ಒಂದೊಂದಾಗಿ ನೆನಪಿಗೆ ಬಂದವು. ಕಣ್ಣಿಗೆ ಚುಚ್ಚುವ ಮಿಂಚು. ಕ್ಯಾಲೆಂಡರ್ ಎದುರಿಗೇ ಇದ್ದರೂ ಪ್ರತಿದಿನ ಮಕ್ಕಳನ್ನು ಕರೆದು, "ಅಸರ್ ಎಷ್ಟು ಗಂಟೆಗೆ?" ಎಂದು ಕೇಳುವುದು. ದೊಡ್ಡ ಅಕ್ಷರದ ಮುಸ್‌ಹಫ್ ತರಿಸಿಕೊಟ್ಟರೂ ಎರಡು ಪುಟ ಓದಿ ಮುಚ್ಚಿಡುವುದು. ಟ್ಯೂಬ್‌ಲೈಟ್ ಹಳೆಯದಾಗಿದೆ, ಬದಲಾಯಿಸು ಎಂದು ಎರಡು ಸಲ ಹೇಳಿದ್ದು, ನಾವು ಬದಲಾಯಿಸಿದ್ದು. ವುಝೂ ಮಾಡುವ ಕಡೆಯ ಮೆಟ್ಟಿಲಿನಲ್ಲಿ ಎಡವಿದಾಗ, "ನೋಡಿ ನಡೆಯಬಾರದೇ ಉಮ್ಮಾ?" ಎಂದು ನಾನೇ ಗದರಿದ್ದು. ಹೌದು, ಗದರಿದ್ದೆ. ಅದನ್ನು ಬರೆಯುವಾಗ ಇಂದಿಗೂ ನನ್ನ ಕೈ ತಡವರಿಸುತ್ತದೆ.

ಮರುದಿನವೇ ಅವರನ್ನು ಕಣ್ಣಿನ ಡಾಕ್ಟರ ಬಳಿಗೆ ಕರೆದುಕೊಂಡು ಹೋದೆವು. ಎರಡೂ ಕಣ್ಣುಗಳಿಗೆ ಪೊರೆ ಬಂದಿತ್ತು. ಬಲಗಣ್ಣಿನದ್ದು ಚೆನ್ನಾಗಿ ಬಲಿತಿತ್ತು. "ಎಷ್ಟು ಸಮಯದಿಂದ ಹೀಗಿದೆ?" ಎಂದು ಡಾಕ್ಟರರು ಕೇಳಿದರು. ಅತ್ತೆ, "ಒಂದೆರಡು ವರ್ಷ ಆಗಿರಬಹುದು. ಪ್ರಾಯವಾದರೆ ಹೀಗೆಯೇ ಎಂದುಕೊಂಡೆ" ಎಂದರು. ಮನೆಯಲ್ಲಿ ಎರಡು ವರ್ಷ ಲೋಕವೇ ಮಸುಕಾಗಿ ಬದುಕಿದ ಒಂದು ಜೀವವಿತ್ತು. ನಾವು ಒಂದು ಫೋಟೋ ಮಸುಕಾದುದಕ್ಕೆ ದೇಶವಿದೇಶಕ್ಕೆ ಫೋನ್ ಮಾಡಿ ಚರ್ಚಿಸುತ್ತಿದ್ದೆವು!

ಕಣ್ಣಿನ ಪೊರೆ ಎಂದರೆ ಮೇಲೆ ಬೆಳೆಯುವ ಪದರವಲ್ಲ. ಕಣ್ಣಿನೊಳಗೆ ಅಲ್ಲಾಹನು ಇಟ್ಟಿರುವ ಪಾರದರ್ಶಕ ಲೆನ್ಸ್ ವಯಸ್ಸಾದಂತೆ ಮಬ್ಬಾಗುವುದೇ ಪೊರೆ. ಬಣ್ಣಗಳು ಮಾಸಿ ಹಳದಿಯಾಗಿ ಕಾಣುತ್ತವೆ, ದೀಪದ ಸುತ್ತ ಉಂಗುರ ಕಾಣುತ್ತದೆ, ಜೋರು ಬೆಳಕು ಚುಚ್ಚುತ್ತದೆ. ಎಣ್ಣೆ ಬೆರಳು ತಾಗಿದ ಲೆನ್ಸಿನ ಲಕ್ಷಣವೂ ಇದೇ ಅಲ್ಲವೇ? ವ್ಯತ್ಯಾಸವಿಷ್ಟೇ, ಇದನ್ನು ಒರೆಸಿ ತೆಗೆಯಲಾಗದು, ಕನ್ನಡಕದಿಂದಲೂ ಗುಣವಾಗದು. ಮಬ್ಬಾದ ಲೆನ್ಸನ್ನು ತೆಗೆದು ಕೃತಕ ಲೆನ್ಸನ್ನು ಇಡಬೇಕು. ನಮ್ಮ ದೇಶದಲ್ಲಿ 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಐವತ್ತು ದಾಟಿದವರ ಕುರುಡುತನದಲ್ಲಿ ಸುಮಾರು ಮೂರನೇ ಎರಡು ಭಾಗಕ್ಕೆ ಪೊರೆಯೇ ಕಾರಣ. ಒಂದು ಸಣ್ಣ ಶಸ್ತ್ರಚಿಕಿತ್ಸೆಯಿಂದ ಮರಳಿ ಪಡೆಯಬಹುದಾದ ಬೆಳಕು ಅದು!

ಅಂದು ರಾತ್ರಿ ಪತಿಗೆ ಎಲ್ಲವನ್ನೂ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಮರುವಾರ ಓವರ್‌ಟೈಮ್ ಹಣ ಬಂತು. ಅತ್ತೆಯ ಬಲಗಣ್ಣಿನ ಶಸ್ತ್ರಚಿಕಿತ್ಸೆ ಅದರಿಂದಲೇ ಆಯಿತು. ಎಡಗಣ್ಣಿನದ್ದು ಮುಂದಿನ ವರ್ಷ ಅವರು ರಜೆಯಲ್ಲಿ ಬಂದಾಗ.

ಕಣ್ಣಿಗೆ ಹನಿ ಹಾಕುವ ದಿನಗಳೆಲ್ಲ ಮುಗಿದ ಮೇಲೆ ಒಂದು ದಿನ ಅತ್ತೆ ಫೋಟೋಗಳನ್ನು ತರಿಸಿಕೊಂಡರು. ಮೊಮ್ಮಗಳ ಫೋಟೋ ನೋಡಿ, "ಇವಳ ಗಲ್ಲದಲ್ಲಿ ಮಚ್ಚೆ ಇದೆಯಾ? ನನಗೆ ಗೊತ್ತೇ ಇರಲಿಲ್ಲ" ಎಂದರು. ಮಗುವಿಗೆ ಆಗ ಆರು ವರ್ಷ. ಆಮೇಲೆ ಹಬ್ಬದ ದಿನದ ತಮ್ಮ ಫೋಟೋ ಎತ್ತಿಕೊಂಡರು. ಸ್ವಲ್ಪ ಹೊತ್ತು ನೋಡಿ ನನ್ನ ಕಡೆ ತಿರುಗಿ, "ಇದು ಮಾತ್ರ ನನ್ನ ಕಣ್ಣಿನ ದೋಷವಲ್ಲ ಮಗಳೇ. ಇದು ನೀನು ತೆಗೆದದ್ದೇ ಸರಿಯಿಲ್ಲ" ಎಂದರು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಅಂದೇ ಅವರನ್ನು ಕಿಟಕಿಯ ಬಳಿ ಕೂರಿಸಿ ಅದೇ ಹಳೆಯ ಕ್ಯಾಮರಾದಿಂದ ಇನ್ನೊಂದು ಫೋಟೋ ತೆಗೆದೆ. ಮಡಿಲಲ್ಲಿ ಮುಸ್‌ಹಫ್, ತಲೆಯ ಮೇಲೆ ಬಿಳಿ ವಸ್ತ್ರ. 2017ರಲ್ಲಿ ಅವರು ಅಲ್ಲಾಹನ ಕಡೆಗೆ ಮರಳಿದರು. ಅವರ ಮಗನ ಪರ್ಸಿನಲ್ಲಿ ಈಗಲೂ ಇರುವುದು ಆ ಫೋಟೋ.

ಹಾಗೆಂದು ಕ್ಯಾಮರಾವನ್ನು ಎಂದೂ ಬದಲಾಯಿಸಲೇಬಾರದು ಎಂದು ನಾನು ಹೇಳುತ್ತಿಲ್ಲ. ಲೆನ್ಸಿನೊಳಗೆ ಬೂಷ್ಟು ಬೆಳೆದಿದ್ದರೆ, ಫೋಕಸ್ ಮಾಡುವ ಯಂತ್ರವೇ ನಿಂತಿದ್ದರೆ, ರಿಪೇರಿಯ ಖರ್ಚು ಹೊಸದರ ಹತ್ತಿರಕ್ಕೆ ಬಂದರೆ ಬದಲಾಯಿಸುವುದೇ ಜಾಣತನ. ಮದುವೆ ಸಮಾರಂಭಗಳಲ್ಲಿ, ಕಡಿಮೆ ಬೆಳಕಿನಲ್ಲಿ ಓಡಾಡುವವರನ್ನು ಸೆರೆಹಿಡಿಯುವುದು ನಿಮ್ಮ ಹವ್ಯಾಸವೋ ಉದ್ಯೋಗವೋ ಆಗಿದ್ದರೆ ದೊಡ್ಡ ಸೆನ್ಸರಿನ ಕ್ಯಾಮರಾ ಬೇಕು. ಹಳೆಯ ಪುಟ್ಟ ಕ್ಯಾಮರಾಗಳ ಸೆನ್ಸರಿಗೆ ಹೋಲಿಸಿದರೆ ಲೆನ್ಸ್ ಬದಲಾಯಿಸಬಹುದಾದ ಕ್ಯಾಮರಾಗಳ ಸೆನ್ಸರ್ ಹತ್ತು ಪಟ್ಟಿಗಿಂತಲೂ ಹೆಚ್ಚು ವಿಸ್ತಾರವಾಗಿರುತ್ತದೆ. ಆದ್ದರಿಂದ ಕೊಳ್ಳುವಾಗ ಮೆಗಾಪಿಕ್ಸೆಲ್ ಕೇಳಬೇಡಿ, ಸೆನ್ಸರ್ ಎಷ್ಟು ದೊಡ್ಡದು, ಲೆನ್ಸಿನ ಕಿಂಡಿ ಎಷ್ಟು ಅಗಲ ತೆರೆಯುತ್ತದೆ ಎಂದು ಕೇಳಿ. ಕೈಯ ನಡುಕ ತಡೆಯುವ ವ್ಯವಸ್ಥೆ ಇದ್ದರೆ ಒಳ್ಳೆಯದೇ, ಆದರೆ ಅದು ನಿಮ್ಮ ಕೈಯನ್ನು ಹಿಡಿದು ನಿಲ್ಲಿಸೀತೇ ಹೊರತು ಓಡುವ ಮಗುವನ್ನಲ್ಲ.

2010ರಲ್ಲಿ ಜಗತ್ತಿನಾದ್ಯಂತ ಹನ್ನೆರಡು ಕೋಟಿ ಡಿಜಿಟಲ್ ಕ್ಯಾಮರಾಗಳು ಮಾರುಕಟ್ಟೆಗೆ ಬಂದಿದ್ದವು. 2023ರಲ್ಲಿ ಆ ಸಂಖ್ಯೆ ಎಂಬತ್ತು ಲಕ್ಷವನ್ನೂ ಮುಟ್ಟಲಿಲ್ಲ. ಅಷ್ಟು ಕ್ಯಾಮರಾಗಳ ಜಾಗಕ್ಕೆ ಫೋನುಗಳು ಬಂದವು. ಈಗ ಆ ಫೋನುಗಳನ್ನೂ ಎರಡು ವರ್ಷಕ್ಕೊಮ್ಮೆ ಬದಲಾಯಿಸುತ್ತೇವೆ. ಅಲ್ಲಾಹನು ದುಂದುವೆಚ್ಚವನ್ನು ಮೆಚ್ಚುವುದಿಲ್ಲ ಎಂಬುದು ನಮಗೆಲ್ಲ ಬಾಯಿಪಾಠ. ಆದರೆ ದೋಷ ಎಲ್ಲಿದೆ ಎಂದು ವಿಚಾರಿಸದೆ ವಸ್ತುವನ್ನು ಎಸೆಯುವುದೂ ದುಂದೇ ಎಂದು ನಮಗೆ ಹೊಳೆಯುವುದಿಲ್ಲ.

ಇಷ್ಟನ್ನು ಕೇಳಿ ಮಗಳು ತನ್ನ ಫೋನನ್ನು ತಿರುಗಿಸಿ ನೋಡಿದಳು. ಲೆನ್ಸಿನ ಮೇಲೆ ಬೆರಳಿನ ಗುರುತು ದಟ್ಟವಾಗಿತ್ತು. ನಾಚಿಕೊಂಡು ಒರೆಸಿದಳು. ಕಿಟಕಿಯ ಹತ್ತಿರ ಕರೆದು ನನ್ನ ಒಂದು ಫೋಟೋ ತೆಗೆದು ತೋರಿಸಿದಳು. ನಾನು ಅದನ್ನು ಹತ್ತಿರ ಹಿಡಿದೆ, ಆಮೇಲೆ ಸ್ವಲ್ಪ ದೂರ ಹಿಡಿದೆ.

"ಉಮ್ಮಾ, ನಾಳೆ ನಿಮ್ಮ ಕಣ್ಣು ತೋರಿಸಿಕೊಂಡು ಬರೋಣ" ಎಂದಳು ಮಗಳು.

ಓದುಗರೇ, ನಿಮ್ಮ ಮನೆಯ ಹಿರಿಯರ ಕೈಗೂ ಇಂದು ಒಂದು ಫೋಟೋ ಕೊಟ್ಟು ನೋಡಿ. ಅವರು ಅದನ್ನು ಹೇಗೆ ಹಿಡಿಯುತ್ತಾರೆ ಎಂದು ಗಮನಿಸಿ.